ಕಣ್ಣಲ್ಲಿ ಹೊಸ ಹುಳ ಕಂಡ ದಿನ ಹೋಗಬೇಕಾದದ್ದು ಕನ್ನಡಕದಂಗಡಿಗಲ್ಲ

ನಲವತ್ತೈದು, ಐವತ್ತು ದಾಟಿದ ಮೇಲೆ ಕಣ್ಣಿನ ಬಗ್ಗೆ ಬರುವ ದೂರುಗಳಲ್ಲಿ ಇದೊಂದು ತೀರಾ ಸಾಮಾನ್ಯ. ನೊಣ ಹಾರಿದ ಹಾಗೆ, ಕೂದಲೆಳೆ ತೇಲಿದ ಹಾಗೆ, ಜೇಡರ ಬಲೆಯ ಚೂರು ಅಂಟಿದ ಹಾಗೆ ಕಾಣುತ್ತದೆ; ಈ ಬರಹದಲ್ಲಿ ಹುಳ ಎಂದರೆ ಇದೇ. ಕಣ್ಣು ಹೊರಳಿಸಿದ ಕಡೆ ಅದೂ ಹೊರಳುತ್ತದೆ, ನಿಲ್ಲಿಸಿದರೆ ಒಂದು ಕ್ಷಣ ತಡವಾಗಿ ನಿಲ್ಲುತ್ತದೆ. ಬಳ್ಳಾರಿ, ರಾಯಚೂರು ಕಡೆಯ ಏಪ್ರಿಲ್ ತಿಂಗಳ ಬಿಳಿ ಆಕಾಶ, ಸುಣ್ಣ ಬಳಿದ ಗೋಡೆ, ಮೊಬೈಲಿನ ಬಿಳಿ ಪರದೆ ಇವುಗಳ ಮುಂದೆ ಎದ್ದು ಕಾಣುತ್ತದೆ. ಮನೆಯೊಳಗಿನ ಮಬ್ಬು ಬೆಳಕಿನಲ್ಲಿ ಮಾಯವಾಗುತ್ತದೆ.

ವರ್ಷಗಟ್ಟಲೆಯಿಂದ ಒಂದೆರಡು ಎಳೆ ಹಾಗೇ ಇದ್ದರೆ ಅದಕ್ಕೆ ಗಾಬರಿ ಬೇಡ. ಈ ಬರಹ ಇರುವುದು ಹೊಸದಾಗಿ ಬಂದದ್ದರ ಬಗ್ಗೆ. ನಿನ್ನೆ ಇಲ್ಲದ್ದು ಇವತ್ತು ಇದ್ದರೆ, ಅಥವಾ ಒಂದಿದ್ದದ್ದು ಹತ್ತಾದರೆ, ಅವತ್ತೇ ಅಥವಾ ಮರುದಿನದೊಳಗೆ ಪಾಪೆ ಹಿಗ್ಗಿಸಿ, ಕಣ್ಣಿನ ಹಿಂಗೋಡೆಯಲ್ಲಿ ಬೆಳಕು ಹಿಡಿಯುವ ಪದರವಾದ ರೆಟಿನಾದ ಅಂಚಿನವರೆಗೆ ನೋಡುವ ವೈದ್ಯರ ಮುಂದೆ ಕೂರಬೇಕು. ಉಳಿದದ್ದೆಲ್ಲ ಆಮೇಲೆ.

ಒಳಗೆ ಆಗುವುದೇನು

ಮಸೂರದ ಹಿಂದೆ, ರೆಟಿನಾದ ಮುಂದೆ, ಕಣ್ಣುಗುಡ್ಡೆಯ ಬಹುಭಾಗವನ್ನು ತುಂಬಿರುವುದು ವಿಟ್ರಿಯಸ್ ಎಂಬ ಪಾರದರ್ಶಕ ಲೋಳೆ. ಅಂದಾಜು 4 ಮಿಲಿಲೀಟರ್ ಇರುತ್ತದೆ. ಅದರಲ್ಲಿ ನೂರಕ್ಕೆ 98–99 ಪಾಲು ನೀರೇ. ಉಳಿದದ್ದು ಕೊಲಾಜನ್ ಎಂಬ ಸೂಕ್ಷ್ಮ ನಾರು ಮತ್ತು ನೀರನ್ನು ಹಿಡಿದಿಡುವ ಹಯಲುರಾನಿಕ್ ಆಮ್ಲ. ವಯಸ್ಸಾದಂತೆ ಲೋಳೆಯ ನಡುವೆ ಅಲ್ಲಲ್ಲಿ ನೀರಿನ ಕೊಳಗಳಾಗುತ್ತವೆ, ನಾರುಗಳು ಒಂದಕ್ಕೊಂದು ಅಂಟಿ ಗಂಟಾಗುತ್ತವೆ. ಆ ಗಂಟಿನ ನೆರಳು ರೆಟಿನಾದ ಮೇಲೆ ಬೀಳುತ್ತದೆ. ನಿಮಗೆ ಕಾಣುವುದು ಆ ನೆರಳು. ಹಾಗಾಗಿ ಕಣ್ಣು ಎಷ್ಟು ತೊಳೆದರೂ, ಉಜ್ಜಿದರೂ ಹೋಗುವುದಿಲ್ಲ.

ಮುಂದಿನ ಹಂತದಲ್ಲಿ ಕುಗ್ಗಿದ ಲೋಳೆ ರೆಟಿನಾದಿಂದ ಬಿಡಿಸಿಕೊಂಡು ಮುಂದಕ್ಕೆ ಬರುತ್ತದೆ. ಚೀಟಿಯಲ್ಲಿ ವೈದ್ಯರು ಇದನ್ನು ಪಿವಿಡಿ ಎಂದು ಬರೆಯುತ್ತಾರೆ. ಐವತ್ತರಿಂದ ಎಪ್ಪತ್ತರ ನಡುವೆ ಬಹುತೇಕರಿಗೆ ಆಗುವಂಥದ್ದು. ಮೈನಸ್ ನಂಬರಿನ ಕನ್ನಡಕದವರಿಗೆ, ಅದರಲ್ಲೂ ಮೈನಸ್ 6 ದಾಟಿದವರಿಗೆ, ಪೊರೆ ಆಪರೇಷನ್ ಆದವರಿಗೆ, ಕಣ್ಣಿಗೆ ಪೆಟ್ಟು ಬಿದ್ದವರಿಗೆ ಇನ್ನೂ ಬೇಗ ಆಗುತ್ತದೆ. ಬಿಡಿಸಿಕೊಳ್ಳುವಾಗ ಲೋಳೆ ರೆಟಿನಾವನ್ನು ಎಳೆದರೆ ರೆಟಿನಾ ಅದನ್ನು ನೋವೆಂದು ಹೇಳಲಾರದು, ಅದಕ್ಕೆ ನೋವಿನ ನರಗಳೇ ಇಲ್ಲ. ಅದು ಬಲ್ಲದ್ದು ಬೆಳಕು ಮಾತ್ರ. ಅದಕ್ಕೇ ಕತ್ತಲಲ್ಲಿ ಕಣ್ಣು ತಿರುಗಿಸಿದಾಗ ಕಿವಿಯ ಕಡೆಯ ಅಂಚಿನಲ್ಲಿ ಕಮಾನಿನಾಕಾರದ ಮಿಂಚು ಕಾಣುವುದು. ಕಣ್ಣಿನ ನರ ರೆಟಿನಾಕ್ಕೆ ಸೇರುವ ಜಾಗದ ಸುತ್ತ ಅಂಟಿದ್ದ ಭಾಗ ಕಿತ್ತು ಬಂದರೆ ಉಂಗುರದಂಥ ದೊಡ್ಡ ಹುಳವೊಂದು ನಟ್ಟನಡುವೆ ತೇಲುತ್ತದೆ.

ಬಹಳ ಜನರಿಗೆ ಕಥೆ ಇಲ್ಲಿಗೇ ಮುಗಿಯುತ್ತದೆ. ಆದರೆ ಹೊಸ ಹುಳ, ಮಿಂಚು ಎಂದು ಬಂದು ಪಿವಿಡಿ ಎಂದು ಗೊತ್ತಾದವರಲ್ಲಿ ನೂರಕ್ಕೆ 10ರಿಂದ 15 ಮಂದಿಗೆ ರೆಟಿನಾ ಎಲ್ಲೋ ಅಂಚಿನಲ್ಲಿ ಹರಿದಿರುತ್ತದೆ. ಲೋಳೆಯ ಜೊತೆ ರಕ್ತವೂ ಕಂಡರೆ ಹರಿದಿರುವ ಸಾಧ್ಯತೆ ಅರ್ಧಕ್ಕಿಂತ ಹೆಚ್ಚು. ಹರಿದ ಮಾತ್ರಕ್ಕೆ ದೃಷ್ಟಿ ಹೋಗುವುದಿಲ್ಲ. ಅಪಾಯ ಆಮೇಲಿನದು. ತುಂಗಭದ್ರಾ ಕಾಲುವೆಯ ಸಿಮೆಂಟ್ ಲೈನಿಂಗ್ ಒಂದು ಕಡೆ ಬಿರುಕು ಬಿಟ್ಟರೆ ನೀರು ಅದರಡಿ ನುಗ್ಗಿ ಇಡೀ ಚಪ್ಪಡಿಯನ್ನೇ ಎಬ್ಬಿಸುವುದನ್ನು ಈ ಸೀಮೆಯ ರೈತರು ನೋಡಿಯೇ ಇರುತ್ತಾರೆ. ಇಲ್ಲೂ ಆಗುವುದು ಅದೇ. ತೂತಿನ ಮೂಲಕ ನೀರಾದ ವಿಟ್ರಿಯಸ್ ರೆಟಿನಾದ ಕೆಳಗೆ ಸೇರಿ ಅದನ್ನು ಗೋಡೆಯಿಂದ ಬಿಡಿಸುತ್ತಾ ಹೋಗುತ್ತದೆ. ಬಿಡಿಸಿದ ಭಾಗಕ್ಕೆ ಹಿಂಬದಿಯಿಂದ ಬರಬೇಕಾದ ಪೋಷಣೆ ನಿಲ್ಲುತ್ತದೆ, ಆ ಭಾಗದ ನೋಟ ಕಪ್ಪಾಗುತ್ತದೆ.

ತೂತಿನ ಹಂತದಲ್ಲಿ ಸಿಕ್ಕರೆ ಹೊರರೋಗಿ ವಿಭಾಗದಲ್ಲೇ ಲೇಸರ್ ಹಾಕಿಸಿಕೊಂಡು ಸಂಜೆಗೆ ಮನೆಗೆ ಹೋಗಬಹುದು. ಬಿಡಿಸಿಕೊಂಡ ಮೇಲೆ ಸಿಕ್ಕರೆ ಆಪರೇಷನ್. ಎರಡರ ನಡುವಿನ ಅಂತರ ಕೆಲವೊಮ್ಮೆ ವಾರಗಳು, ಕೆಲವೊಮ್ಮೆ ಒಂದೇ ದಿನ.

ಎಷ್ಟು ಅವಸರ

ಹೊಸ ಹುಳ, ಅದರ ಜೊತೆ ಮಿಂಚು: 24 ಗಂಟೆಯೊಳಗೆ. ಮಸಿ ಚೆಲ್ಲಿದ ಹಾಗೆ ಅಥವಾ ಖಾರದ ಪುಡಿ ಎರಚಿದ ಹಾಗೆ ನೂರಾರು ಚುಕ್ಕೆ ಒಮ್ಮೆಲೇ ಬಿದ್ದರೆ, ಕೆಂಪು ಹೊಗೆ ಸುತ್ತಿದರೆ: ಅದು ಒಳಗಿನ ರಕ್ತ, ಅವತ್ತೇ. ಒಂದು ಮಗ್ಗುಲಿನಿಂದ ಪರದೆ ಎಳೆದಂತೆ ನೆರಳು ಬರುತ್ತಿದ್ದರೆ ರಾತ್ರಿಯಾದರೂ ಹೊರಡಿ. ನೆರಳು ಯಾವ ಕಡೆಯಿಂದ ಬಂತು ಎನ್ನುವುದನ್ನು ನೆನಪಿಟ್ಟುಕೊಳ್ಳಿ, ಏಕೆಂದರೆ ಕಣ್ಣೊಳಗೆ ಚಿತ್ರ ತಲೆಕೆಳಗಾಗಿ ಬೀಳುತ್ತದೆ. ಕೆಳಗಿನಿಂದ ಮೇಲಕ್ಕೆ ಏರುವ ನೆರಳು ಎಂದರೆ ಬಿಡಿಸಿಕೊಂಡಿರುವುದು ರೆಟಿನಾದ ಮೇಲ್ಭಾಗ. ಅಲ್ಲಿನ ನೀರು ತನ್ನ ಭಾರಕ್ಕೆ ಕೆಳಗಿಳಿದು ನೇರ ನೋಟಕ್ಕೆ ಬೇಕಾದ ರೆಟಿನಾದ ನಡುಭಾಗ, ಅಂದರೆ ಮ್ಯಾಕುಲಾವನ್ನು ಬೇಗ ತಲುಪುತ್ತದೆ. ಮ್ಯಾಕುಲಾ ಇನ್ನೂ ಅಂಟಿಕೊಂಡಿರುವಾಗಲೇ ಆಪರೇಷನ್ ಆದರೆ ಓದುವ ನೋಟ ಬಹುಪಾಲು ಉಳಿಯುತ್ತದೆ. ಅದೂ ಬಿಟ್ಟ ಮೇಲೆ ಮಾಡಿದರೆ ರೆಟಿನಾ ಕೂತರೂ ನೋಟ ಮೊದಲಿನಂತಾಗುವುದು ಅಪರೂಪ.

ಇವೆಲ್ಲಕ್ಕಿಂತ ಬೇರೆಯದೊಂದಿದೆ. ನೋವಿಲ್ಲದೆ, ಹುಳ ಮಿಂಚು ಏನೂ ಇಲ್ಲದೆ, ಒಂದು ಕಣ್ಣು ಸ್ವಿಚ್ ಆರಿಸಿದಂತೆ ಪೂರ್ತಿ ಕಪ್ಪಾಗುವುದು. ಇದು ರೆಟಿನಾದ ರಕ್ತನಾಳ ಕಟ್ಟಿಕೊಂಡಿರುವ ಲಕ್ಷಣ, ಅಂದರೆ ಕಣ್ಣಿಗೆ ಹೊಡೆದ ಸ್ಟ್ರೋಕ್. ಕೆಲವು ನಿಮಿಷ ಕಪ್ಪಾಗಿ ತಾನೇ ಸರಿಹೋದರೂ ಅದನ್ನು ಬಿಡಬಾರದು; ಮೆದುಳಿನ ಸ್ಟ್ರೋಕಿಗೆ ಅದು ಮುನ್ಸೂಚನೆ. ಕಣ್ಣಿನ ಕ್ಲಿನಿಕ್ ಹುಡುಕುತ್ತಾ ಕೂರದೆ 108ಕ್ಕೆ ಫೋನ್ ಮಾಡಿ ದೊಡ್ಡಾಸ್ಪತ್ರೆಯ ತುರ್ತು ವಿಭಾಗಕ್ಕೆ ಹೋಗಬೇಕು. ಅಲ್ಲಿ ಬಿ.ಪಿ., ಶುಗರ್, ಇಸಿಜಿ, ಕತ್ತಿನ ರಕ್ತನಾಳದ ಡಾಪ್ಲರ್ ಎಲ್ಲವೂ ಬೇಕಾಗುತ್ತವೆ. ಜೊತೆಗೆ ಮಾತು ತೊದಲುವುದು, ಬಾಯಿ ಸೊಟ್ಟಗಾಗುವುದು, ಕೈಕಾಲು ಸೋಲುವುದು ಇದ್ದರೆ ಒಂದು ನಿಮಿಷವೂ ತಡಮಾಡುವಂತಿಲ್ಲ.

ಮನೆಯಲ್ಲೇ ಐದು ನಿಮಿಷದ ಪರೀಕ್ಷೆ

ಎರಡೂ ಕಣ್ಣು ತೆರೆದು ನೋಡಿದರೆ ಒಂದರ ಕೊರತೆಯನ್ನು ಇನ್ನೊಂದು ಮುಚ್ಚಿಬಿಡುತ್ತದೆ. ಎಷ್ಟೋ ಜನರಿಗೆ ಒಂದು ಕಣ್ಣು ಮಂಜಾಗಿದೆ ಎಂದು ತಿಳಿಯುವುದು ಇನ್ನೊಂದಕ್ಕೆ ಧೂಳು ಬಿದ್ದು ಅದನ್ನು ಮುಚ್ಚಿಕೊಂಡಾಗಲೇ. ಆದ್ದರಿಂದ ಒಂದೊಂದೇ ಕಣ್ಣು. ಅಂಗೈಯನ್ನು ಬೊಗಸೆಯಂತೆ ಮಾಡಿ, ಕಣ್ಣುಗುಡ್ಡೆ ಒತ್ತದ ಹಾಗೆ ಮುಚ್ಚಿ. ಬೆರಳಿಂದ ಒತ್ತಿದರೆ ಕೈ ತೆಗೆದ ಮೇಲೂ ಸ್ವಲ್ಪ ಹೊತ್ತು ಮಂಜಾಗಿರುತ್ತದೆ, ಪರೀಕ್ಷೆ ಕೆಡುತ್ತದೆ.

ದೂರದ ಕನ್ನಡಕ ಹಾಕಿಕೊಂಡೇ ಹತ್ತು ಅಡಿ ದೂರದ ಗೋಡೆ ಕ್ಯಾಲೆಂಡರನ್ನು ಒಂದೊಂದು ಕಣ್ಣಿಂದ ಓದಿ. ಎರಡಕ್ಕೂ ಒಂದೇ ಸಾಲು ಸಿಗುತ್ತದೆಯೇ ನೋಡಿ. ಆಮೇಲೆ ಮನೆಯವರನ್ನು ಎದುರಿಗೆ ಒಂದು ಮಾರು ದೂರದಲ್ಲಿ ಕೂರಿಸಿ, ಅವರ ಮೂಗಿನ ತುದಿಯನ್ನೇ ದಿಟ್ಟಿಸುತ್ತಾ ಇರಿ. ಅವರು ತಮ್ಮ ಬೆರಳನ್ನು ನಾಲ್ಕು ಮೂಲೆಯಿಂದ ಒಂದೊಂದಾಗಿ ಆಡಿಸುತ್ತಾ ಒಳಗೆ ತರಲಿ. ಯಾವುದಾದರೂ ಮೂಲೆಯಲ್ಲಿ ಬೆರಳು ತಡವಾಗಿ ಕಂಡರೆ ಅಥವಾ ಕಾಣದೇ ಹೋದರೆ ಅಂಚಿನ ನೋಟ ಹೋಗುತ್ತಿದೆ ಎಂದರ್ಥ.

ಮೂರನೆಯದು ನಡುವಿನ ನೋಟಕ್ಕೆ. ಮಕ್ಕಳ ಚೌಕಳಿ ಗಣಿತದ ನೋಟ್‌ಬುಕ್ಕಿನ ಒಂದು ಹಾಳೆಯಲ್ಲಿ 10 ಸೆಂಟಿಮೀಟರ್ ಚೌಕ ಗುರುತು ಮಾಡಿ ನಡುವೆ ಒಂದು ಚುಕ್ಕೆ ಇಡಿ. ಓದುವ ಕನ್ನಡಕ ಹಾಕಿ, 30 ಸೆಂಟಿಮೀಟರ್ ದೂರ ಹಿಡಿದು, ಒಂದೇ ಕಣ್ಣಿಂದ ಚುಕ್ಕೆಯನ್ನು ನೋಡಿ. ಗೆರೆ ಅಲೆಯಂತೆ ಬಾಗಿದರೆ, ಯಾವುದೋ ಚೌಕ ಮಾಯವಾಗಿದ್ದರೆ ಸಮಸ್ಯೆ ಮ್ಯಾಕುಲಾದಲ್ಲಿದೆ. ಈ ಮೂರೂ ಸರಿಯಿದ್ದವು ಎಂದು ಆಸ್ಪತ್ರೆಗೆ ಹೋಗುವುದನ್ನು ಮಾತ್ರ ನಿಲ್ಲಿಸಬೇಡಿ. ಅಂಚಿನ ಪುಟ್ಟ ತೂತು ಈ ಯಾವ ಪರೀಕ್ಷೆಯಲ್ಲೂ ಗೊತ್ತಾಗುವುದಿಲ್ಲ. ಇದು ಅವಸರ ಎಷ್ಟಿದೆ ಎಂದು ತಿಳಿಯಲು, ಮತ್ತು ವೈದ್ಯರಿಗೆ ಸರಿಯಾಗಿ ಹೇಳಲು.

ಎಲ್ಲಿ ಎಡವುತ್ತಾರೆ

ನಮ್ಮ ಕಡೆ ಕಣ್ಣು ಮಂಜಾಯಿತೆಂದರೆ ಮೊದಲ ನಿಲ್ದಾಣ ಕನ್ನಡಕದಂಗಡಿ. ಅಲ್ಲಿ ಕಂಪ್ಯೂಟರಿನಲ್ಲಿ ಗಲ್ಲ ಇಡಿಸಿ ನಂಬರ್ ನೋಡುತ್ತಾರೆ. ಕಾಲು ನಂಬರ್ ಬದಲಾಗಿದೆ ಎಂದು ಹೊಸ ಕನ್ನಡಕ ಕೊಡುತ್ತಾರೆ. ಆ ಯಂತ್ರ ರೆಟಿನಾದ ಅಂಚನ್ನು ನೋಡುವುದೇ ಇಲ್ಲ. ಹಳ್ಳಿಯ ಕಣ್ಣಿನ ಶಿಬಿರಗಳದೂ ಅಷ್ಟೇ: ಅವು ಮುಖ್ಯವಾಗಿ ಪೊರೆ ಹುಡುಕಲು ನಡೆಯುವಂಥವು. 'ಪೊರೆ ಇಲ್ಲ, ಹೋಗ್ರಿ' ಎಂದರೆ ರೆಟಿನಾ ಸರಿ ಇದೆ ಎಂದು ತಿಳಿಯಬಾರದು.

ಇನ್ನೊಂದು ಎಡವಟ್ಟು ಹೇಳುವ ರೀತಿಯದು. 'ಕಣ್ಣು ಮಂಜು ಐತ್ರಿ' ಎಂದರೆ ಸಾಲಿನಲ್ಲಿ ಕೂರಿಸಿ ನಂಬರ್ ಪರೀಕ್ಷೆಗೆ ಕಳಿಸುತ್ತಾರೆ, ಅದರಲ್ಲಿ ಅವರ ತಪ್ಪೂ ಇಲ್ಲ. ಚೀಟಿ ಮಾಡಿಸುವ ಕಿಟಕಿಯಲ್ಲೇ ಹೀಗೆ ಹೇಳಿ: 'ನಿನ್ನೆ ಸಂಜಿಯಿಂದ ಬಲಗಣ್ಣಾಗ ಹೊಸಾ ಕರೇ ಹುಳ ಕಾಣಾಕತ್ಯಾವ್ರಿ, ಕತ್ತಲಾಗ ಮಿಂಚು ಹೊಡದಂಗ ಆಗತೈತ್ರಿ, ರೆಟಿನಾ ನೋಡಬೇಕ್ರಿ.' ಯಾವ ಕಣ್ಣು, ಯಾವಾಗಿನಿಂದ, ಮಿಂಚು ಇದೆಯೋ, ಪರದೆ ಇದೆಯೋ, ಈ ನಾಲ್ಕು ಮಾತಿಗೆ ಸಾಲಿನ ಕ್ರಮವೇ ಬದಲಾಗುತ್ತದೆ. ಶುಗರ್, ಬಿ.ಪಿ., ರಕ್ತ ತೆಳುವಾಗಿಸುವ ಗುಳಿಗೆ, ಹಿಂದಿನ ಪೊರೆ ಆಪರೇಷನ್, ಹಳೇ ಕನ್ನಡಕದ ನಂಬರ್, ಮನೆಯಲ್ಲಿ ಬೇರೆ ಯಾರಿಗಾದರೂ ರೆಟಿನಾ ಬಿಟ್ಟಿತ್ತೇ ಎಂಬುದನ್ನೂ ಸೇರಿಸಿ.

ಪಾಪೆ ಹಿಗ್ಗಿಸಲು ಸಾಮಾನ್ಯವಾಗಿ ಟ್ರೋಪಿಕಾಮೈಡ್ ಮತ್ತು ಫೆನೈಲೆಫ್ರಿನ್ ಸೇರಿದ ಹನಿ ಹಾಕುತ್ತಾರೆ. 20–30 ನಿಮಿಷ ಬೇಕು. ಕಪ್ಪು ಕಣ್ಣಿನವರಿಗೆ ಎರಡನೇ ಸಲ ಹಾಕಬೇಕಾಗಬಹುದು. ಬಿ.ಪಿ. ತುಂಬ ಏರಿದ್ದವರು, ಹೃದಯದ ತೊಂದರೆಯವರು ಹನಿ ಹಾಕುವ ಮೊದಲೇ ಹೇಳಬೇಕು. ಆಮೇಲೆ ವೈದ್ಯರು ತಲೆಗೆ ದೀಪ ಕಟ್ಟಿಕೊಂಡು, ಕೈಯಲ್ಲಿ ಮಸೂರ ಹಿಡಿದು, ನಿಮ್ಮನ್ನು ಮೇಲೆ ಕೆಳಗೆ ಎಡಕ್ಕೆ ಬಲಕ್ಕೆ ನೋಡಿ ಎನ್ನುತ್ತಾ ನೋಡುತ್ತಾರೆ. ಅಂಚು ಒಳಗೆ ಕಾಣಲೆಂದು ರೆಪ್ಪೆಯ ಮೇಲಿಂದ ಸಣ್ಣ ಉಪಕರಣದಲ್ಲಿ ಒತ್ತುವುದೂ ಉಂಟು. ಒಂಚೂರು ಹಿಂಸೆ ಅನಿಸುತ್ತದೆ, ಆದರೆ ತೂತು ಸಿಗುವುದು ಅದರಲ್ಲೇ. ರಕ್ತ ಅಡ್ಡವಾಗಿ ಒಳಗೆ ಕಾಣದಿದ್ದರೆ ಬಿ-ಸ್ಕ್ಯಾನ್ ಎಂಬ ಕಣ್ಣಿನ ಅಲ್ಟ್ರಾಸೌಂಡ್ ಮಾಡುತ್ತಾರೆ. ಓಸಿಟಿ ಸ್ಕ್ಯಾನ್ ಮ್ಯಾಕುಲಾಕ್ಕೆ ಒಳ್ಳೆಯದು, ಅಂಚಿನ ತೂತಿಗೆ ಅದೊಂದೇ ಸಾಲದು. ದುಬಾರಿ ಸ್ಕ್ಯಾನ್ ಆಯಿತು, ಇನ್ನೇನು ಎಂದು ಎದ್ದು ಬರಬೇಡಿ. 'ಅಂಚಿನವರೆಗೆ ನೋಡಿದ್ರಾ ಡಾಕ್ಟ್ರೆ, ತೂತು ಇಲ್ಲಲ್ಲ?' ಎಂದು ಕೇಳಿ, ಅದನ್ನೇ ಚೀಟಿಯಲ್ಲಿ ಬರೆಸಿಕೊಳ್ಳಿ. ಮುಂದಿನ ಸಲ ಬೇರೆಯವರು ನೋಡುವಾಗ ಆ ಸಾಲು ಕೆಲಸಕ್ಕೆ ಬರುತ್ತದೆ.

ಹನಿಯ ಪ್ರಭಾವ ನಾಲ್ಕರಿಂದ ಆರು ಗಂಟೆ ಇರುತ್ತದೆ. ಅಷ್ಟು ಹೊತ್ತು ಹತ್ತಿರದ ಅಕ್ಷರ ಓದಲಾಗುವುದಿಲ್ಲ, ಬಿಸಿಲು ಕಣ್ಣಿಗೆ ಚುಚ್ಚುತ್ತದೆ. ಮಧ್ಯಾಹ್ನದ ಬಳ್ಳಾರಿ ಬಿಸಿಲಿಗೆ ಹೊರಬೀಳುವುದಾದರೆ ಕಪ್ಪು ಕನ್ನಡಕ, ಟೊಪ್ಪಿಗೆ ಅಥವಾ ಛತ್ರಿ ಇರಲಿ. ಬೈಕ್ ಮುಟ್ಟಬೇಡಿ, ಹಿಂದೆ ಕೂರಿಸಿಕೊಂಡು ಹೋಗಲು ಒಬ್ಬರನ್ನು ಕರೆದುಕೊಂಡೇ ಬನ್ನಿ. ಮನೆಗೆ ಬಂದ ಮೇಲೆ ಕಣ್ಣು ಕೆಂಪಾಗಿ, ಜೋರು ನೋವು, ತಲೆನೋವು, ವಾಂತಿ ಶುರುವಾದರೆ ಅದು ಹನಿಯಿಂದ ಕಣ್ಣಿನ ಒತ್ತಡ ಏರಿರುವ ಲಕ್ಷಣ. ಅಪರೂಪ, ಆದರೆ ಅವತ್ತೇ ವಾಪಸು ಹೋಗಬೇಕು.

ಯಾವ ಆಸ್ಪತ್ರೆ, ಯಾವ ರೈಲು

ಮೊದಲ ಪರೀಕ್ಷೆಗೆ ಊರು ಬಿಡಬೇಕಾಗಿಲ್ಲ. ಬಳ್ಳಾರಿಯಲ್ಲಿ ಜನ ಈಗಲೂ ವಿಮ್ಸ್ ಎಂದೇ ಕರೆಯುವ ಬಿಎಂಸಿಆರ್‌ಸಿ, ರಾಯಚೂರಿನ ರಿಮ್ಸ್, ಕೊಪ್ಪಳದ ಕಿಮ್ಸ್, ಮೂರೂ ಸರ್ಕಾರಿ ಮೆಡಿಕಲ್ ಕಾಲೇಜುಗಳು. ಕಣ್ಣಿನ ವಿಭಾಗ ಇದೆ, ಪಾಪೆ ಹಿಗ್ಗಿಸಿ ನೋಡುವವರಿದ್ದಾರೆ. ಸಿಂಧನೂರು, ಗಂಗಾವತಿ, ಸಂಡೂರು ಕಡೆಯವರು ತಾಲ್ಲೂಕು ಆಸ್ಪತ್ರೆಯ ಕಣ್ಣಿನ ವೈದ್ಯರಿಂದ ಶುರುಮಾಡಬಹುದು, ಅವರು ಅವತ್ತೇ ಸಿಗುವುದಾದರೆ ಮಾತ್ರ. 'ಮಂಗಳವಾರ ಬರ್ರಿ' ಎಂದರೆ ಕಾಯದೆ ಜಿಲ್ಲಾ ಕೇಂದ್ರಕ್ಕೆ ಬನ್ನಿ.

ರೆಟಿನಾ ಬಿಟ್ಟಿದೆ ಎಂದಾದರೆ ವಿಟ್ರಿಯಸ್ ಆಪರೇಷನ್ ಮಾಡುವ ರೆಟಿನಾ ತಜ್ಞರೇ ಬೇಕು. ಹೊರಡುವ ಮೊದಲು ಫೋನ್ ಮಾಡಿ ಮೂರು ಪ್ರಶ್ನೆ ಕೇಳಿ: ಇವತ್ತು ರೆಟಿನಾ ಸರ್ಜನ್ ಇದ್ದಾರಾ, ನಾಳೆಯೊಳಗೆ ಆಪರೇಷನ್ ಆಗುತ್ತದಾ, ಊಟ ಮಾಡಿ ಬರಬಹುದಾ. ಕೊಪ್ಪಳದವರಿಗೆ ಗದಗ ದಾಟಿ ಹುಬ್ಬಳ್ಳಿ ಹತ್ತಿರ, ಸುಮಾರು 115 ಕಿಲೋಮೀಟರ್, ನೇರ ರೈಲು ಮಾರ್ಗ. ರಾಯಚೂರಿನವರು ವಾಡಿಕೆಯಂತೆ ಹೈದರಾಬಾದಿಗೇ ಹೋಗುತ್ತಾರೆ. ಬಂಜಾರಾ ಹಿಲ್ಸ್‌ನ ಎಲ್.ವಿ. ಪ್ರಸಾದ್ ಕಣ್ಣಿನ ಸಂಸ್ಥೆ, ಮೆಹದಿಪಟ್ನಂನ ಸರ್ಕಾರಿ ಸರೋಜಿನಿ ದೇವಿ ಆಸ್ಪತ್ರೆ ಅಲ್ಲಿವೆ. ಬಳ್ಳಾರಿ, ಹೊಸಪೇಟೆಯವರು ರಾತ್ರಿ ಹಂಪಿ ಎಕ್ಸ್‌ಪ್ರೆಸ್ ಹತ್ತಿದರೆ ಬೆಳಗ್ಗೆ ಬೆಂಗಳೂರು. ಸರ್ಕಾರಿ ಮಿಂಟೋ ಕಣ್ಣಿನ ಆಸ್ಪತ್ರೆ ಅಲ್ಲಿದೆ.

ಬಿಪಿಎಲ್ ಕಾರ್ಡಿದ್ದವರಿಗೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಇದೆ. ಖಾಸಗಿ ಆಸ್ಪತ್ರೆಗೆ ಹೋಗುವುದಾದರೆ ಸರ್ಕಾರಿ ಆಸ್ಪತ್ರೆಯ ರೆಫರಲ್ ಚೀಟಿ ಕೇಳುತ್ತಾರೆ. ಆದ್ದರಿಂದ ಜಿಲ್ಲಾ ಕೇಂದ್ರದಲ್ಲಿ ರೆಟಿನಾ ಬಿಟ್ಟಿದೆ ಎಂದ ಕೂಡಲೇ, ಅಲ್ಲಿಂದ ಹೊರಬೀಳುವ ಮೊದಲೇ ಈ ಯೋಜನೆಯ ಸಹಾಯಕರಾದ ಆರೋಗ್ಯಮಿತ್ರರ ಕೌಂಟರಿಗೆ ಹೋಗಿ ಚೀಟಿ ಮಾಡಿಸಿಕೊಳ್ಳಿ. ಅದಿಲ್ಲದೆ ಹುಬ್ಬಳ್ಳಿ ಮುಟ್ಟಿ ವಾಪಸು ಬಂದರೆ ಒಂದು ದಿನ ಹಾಳು. ಹೈದರಾಬಾದಿಗೆ ಹೋಗುವವರು ನಮ್ಮ ಕಾರ್ಡ್ ಅಲ್ಲಿ ನಡೆಯುತ್ತದೆಯೇ ಎಂದು ಮೊದಲೇ ವಿಚಾರಿಸಬೇಕು. ಆಧಾರ್, ರೇಷನ್ ಕಾರ್ಡ್, ಗುಳಿಗೆಗಳ ಚೀಟಿ ಒಂದೇ ಚೀಲದಲ್ಲಿರಲಿ.

ಲೇಸರ್, ಗ್ಯಾಸ್, ಮಗ್ಗುಲು

ತೂತಿಗೆ ಲೇಸರ್ ಎಂದರೆ ಮರಗಟ್ಟಿಸುವ ಹನಿ ಹಾಕಿ, ಕಣ್ಣಿನ ಮೇಲೆ ಒಂದು ಮಸೂರ ಇಟ್ಟು, ತೂತಿನ ಸುತ್ತ ಎರಡು ಮೂರು ಸಾಲು ಸುಟ್ಟ ಚುಕ್ಕೆಗಳ ಬೇಲಿ ಹಾಕುವುದು. ಹತ್ತಿಪ್ಪತ್ತು ನಿಮಿಷದ ಕೆಲಸ. ಒಳಗೆ ಚುಚ್ಚಿದಂತಾಗುತ್ತದೆ, ಮುಗಿದ ಮೇಲೆ ಕೆಲವು ನಿಮಿಷ ಏನೂ ಕಾಣದಷ್ಟು ಕಣ್ಣು ಕೋರೈಸುತ್ತದೆ. ಆ ಬೇಲಿ ಗಟ್ಟಿಯಾಗಲು 10ರಿಂದ 14 ದಿನ ಬೇಕು. ಅಲ್ಲಿವರೆಗೆ ಮೂಟೆ ಹೊರುವುದು, ಟ್ರ್ಯಾಕ್ಟರ್ ಓಡಿಸುವುದು, ಕುಲುಕುವ ರಸ್ತೆಯ ದೂರ ಪ್ರಯಾಣ ಬಿಡಿ. ಲೇಸರ್ ಆದ ಮೇಲೂ ಹುಳ ಹಾಗೇ ಇರುತ್ತದೆ. ಇದನ್ನು ಮೊದಲೇ ಯಾರೂ ಹೇಳದೆ ಇದ್ದಾಗ 'ಲೇಸರ್ ಫೇಲ್ ಆತು' ಎಂದು ಊರೆಲ್ಲ ಹೇಳಿಕೊಂಡು ಬರುವವರಿದ್ದಾರೆ. ಲೇಸರ್ ಹಾಕಿದ್ದು ಹುಳಕ್ಕಲ್ಲ, ತೂತಿಗೆ.

ರೆಟಿನಾ ಬಿಟ್ಟಿದ್ದರೆ ವಿಟ್ರೆಕ್ಟಮಿ ಮಾಡಿ ಲೋಳೆ ತೆಗೆದು ಗ್ಯಾಸ್ ಅಥವಾ ಸಿಲಿಕೋನ್ ಎಣ್ಣೆ ತುಂಬುತ್ತಾರೆ, ಇಲ್ಲವೇ ಹೊರಗಿನಿಂದ ಸಿಲಿಕೋನ್ ಪಟ್ಟಿ ಕಟ್ಟುತ್ತಾರೆ. ಗ್ಯಾಸ್ ಗುಳ್ಳೆ ತೂತನ್ನು ಒಳಗಿನಿಂದ ಒತ್ತಿ ಹಿಡಿಯಬೇಕು. ಅದು ಯಾವಾಗಲೂ ಮೇಲಕ್ಕೇ ಏರುವುದರಿಂದ, ತೂತು ಎಲ್ಲಿದೆಯೋ ಅದಕ್ಕೆ ತಕ್ಕಂತೆ ಬೋರಲು ಅಥವಾ ಒಂದು ಮಗ್ಗುಲಿಗೆ ಮಲಗಲು ಹೇಳುತ್ತಾರೆ. ಈ ಮಾತನ್ನು ಸಡಿಲವಾಗಿ ತೆಗೆದುಕೊಂಡವರಿಗೆ ಎರಡನೇ ಆಪರೇಷನ್ ಬೇಕಾಗಬಹುದು. ಎಸ್‌ಎಫ್‌6 ಗ್ಯಾಸ್ ಸುಮಾರು ಎರಡು ವಾರ, ಸಿ3ಎಫ್8 ಆರರಿಂದ ಎಂಟು ವಾರ ಕಣ್ಣಲ್ಲಿರುತ್ತದೆ. ಅಷ್ಟು ದಿನ ವಿಮಾನ ಪೂರ್ತಿ ವರ್ಜ್ಯ, ತೋರಣಗಲ್ಲಿನ ಸಣ್ಣ ವಿಮಾನವೂ ಅಷ್ಟೇ: ಮೇಲೇರಿದಂತೆ ಗ್ಯಾಸ್ ಉಬ್ಬಿ ಕಣ್ಣಿನ ಒತ್ತಡ ಏರುತ್ತದೆ. ಬೆಂಗಳೂರು ಬಳ್ಳಾರಿಗಿಂತ ಸುಮಾರು 400 ಮೀಟರ್ ಎತ್ತರದಲ್ಲಿದೆ ಎನ್ನುವುದು ಹೆಚ್ಚಿನವರಿಗೆ ಹೊಳೆಯುವುದಿಲ್ಲ. ಇಳಿದು ಊರಿಗೆ ಬರುವಾಗ ತೊಂದರೆಯಿಲ್ಲ, ಗುಳ್ಳೆ ದೊಡ್ಡದಿರುವಾಗ ಮರುತಪಾಸಣೆಗೆ ಮತ್ತೆ ಹತ್ತುವ ಮೊದಲು ಸರ್ಜನ್‌ರನ್ನು ಕೇಳಿಯೇ ಹೊರಡಿ. ಬೇರೆ ಯಾವುದೇ ಆಪರೇಷನ್ ಬಂದರೆ ಕಣ್ಣಲ್ಲಿ ಗ್ಯಾಸ್ ಇದೆ ಎಂದು ಅರಿವಳಿಕೆ ವೈದ್ಯರಿಗೆ ಹೇಳಬೇಕು. ನೈಟ್ರಸ್ ಆಕ್ಸೈಡ್ ಕೊಟ್ಟರೆ ಗುಳ್ಳೆ ಉಬ್ಬುತ್ತದೆ.

ಹುಳವಲ್ಲದ ಬೇರೆ ಬದಲಾವಣೆಗಳು

ಶುಗರ್ ಇದ್ದವರಲ್ಲಿ ಕಣ್ಣಿನೊಳಗಿನ ರಕ್ತ ಹೆಚ್ಚಾಗಿ ಬರುವುದು ಹರಿದ ರೆಟಿನಾದಿಂದಲ್ಲ, ರೆಟಿನಾದ ಮೇಲೆ ಹೊಸದಾಗಿ ಬೆಳೆದ ಬಲಹೀನ ರಕ್ತನಾಳ ಒಡೆದು. ಒಡೆಯುವವರೆಗೆ ನೋಟ ಚೆನ್ನಾಗಿಯೇ ಇರುತ್ತದೆ, ಅದೇ ಇದರ ಮೋಸ. ಅದಕ್ಕೇ ವರ್ಷಕ್ಕೊಮ್ಮೆ ರೆಟಿನಾ ತೋರಿಸಿ ಎನ್ನುವುದು. ರಕ್ತ ಬಿದ್ದಾಗ ಆಸ್ಪತ್ರೆ ಮುಟ್ಟುವವರೆಗೆ ಎರಡು ಮೂರು ದಿಂಬಿಟ್ಟು ತಲೆ ಎತ್ತರಿಸಿ ಮಲಗಿ. ರಕ್ತ ಕೆಳಗೆ ತಂಗಿ ನಡುವೆ ತಿಳಿಯಾಗುತ್ತದೆ, ವೈದ್ಯರಿಗೂ ಒಳಗೆ ನೋಡಲು ಅನುಕೂಲ. ಆಸ್ಪಿರಿನ್, ಕ್ಲೋಪಿಡೋಗ್ರೆಲ್ ಮುಂತಾದ ಗುಳಿಗೆಗಳನ್ನು ನೀವಾಗಿ ನಿಲ್ಲಿಸಬೇಡಿ. ಹೃದಯಕ್ಕೆ ಸ್ಟೆಂಟ್ ಹಾಕಿಸಿಕೊಂಡವರು ಹಾಗೆ ಮಾಡಿದರೆ ಕಣ್ಣಿಗಿಂತ ದೊಡ್ಡ ಗಂಡಾಂತರ.

ಶುಗರ್ ಏರಿಳಿದರೆ ಕನ್ನಡಕದ ನಂಬರೇ ಓಡಾಡುತ್ತದೆ. ಏರಿದಾಗ ಸಾಮಾನ್ಯವಾಗಿ ದೂರದ್ದು ಮಂಜಾಗುತ್ತದೆ, ಚಾಳೀಸು ಇಲ್ಲದೆ ಪೇಪರ್ ಓದಲು ಬಂದು 'ಕಣ್ಣು ಸುಧಾರಿಸ್ತು' ಎಂದು ಖುಷಿಪಡುವವರಿದ್ದಾರೆ. ಔಷಧಿ ಶುರುವಾಗಿ ಇಳಿದಾಗ ಅದು ತಿರುಗುಮುರುಗು. ಈ ಹೊಯ್ದಾಟದಲ್ಲಿ ಮಾಡಿಸಿದ ಕನ್ನಡಕ ದುಡ್ಡು ದಂಡ. ಶುಗರ್ ಒಂದು ಮಟ್ಟಕ್ಕೆ ನಿಂತು ನಾಲ್ಕರಿಂದ ಆರು ವಾರ ಕಳೆದ ಮೇಲೆ ನಂಬರ್ ನೋಡಿಸಿ.

ಎರಡೂ ಕಣ್ಣಲ್ಲಿ ಮಿನುಗುವ ಅಂಕುಡೊಂಕು ಗೆರೆ ಹುಟ್ಟಿ, ಹಿಗ್ಗುತ್ತಾ ಹೋಗಿ, 20–30 ನಿಮಿಷಕ್ಕೆ ಮಾಯವಾದರೆ ಅದು ಬಹುಪಾಲು ಮೈಗ್ರೇನಿನದು. ತಲೆನೋವು ಬರಲೂಬಹುದು, ಬಾರದೆಯೂ ಇರಬಹುದು. ಒಂದು ಕಣ್ಣು ಮುಚ್ಚಿದಾಗಲೂ, ಇನ್ನೊಂದು ಮುಚ್ಚಿದಾಗಲೂ ಕಾಣುತ್ತದೆಯೇ ಎಂದು ಆಗಲೇ ನೋಡಿಕೊಳ್ಳಿ. ಐವತ್ತರ ಮೇಲೆ ಮೊದಲ ಸಲ ಬಂದದ್ದಾದರೆ ವೈದ್ಯರಿಗೆ ಹೇಳಲೇಬೇಕು. ನಡುವಯಸ್ಸಿನ ಗಂಡಸರಲ್ಲಿ ಒಂದು ಕಣ್ಣಿನ ನಡುವೆ ಬೂದು ಬಣ್ಣದ ನಾಣ್ಯ ಇಟ್ಟಂತಾಗಿ, ಸಾಲುಗಳು ಬಾಗಿ ಕಂಡರೆ ಮ್ಯಾಕುಲಾದ ಕೆಳಗೆ ನೀರು ಸೇರಿರಬಹುದು. ಇದಕ್ಕೂ ಸ್ಟೀರಾಯ್ಡಿಗೂ ನಂಟಿದೆ. ಮಂಡಿನೋವಿಗೆಂದು ಊರಲ್ಲಿ ಹಾಕಿಸಿಕೊಂಡ ಇಂಜೆಕ್ಷನ್, ಮುಖಕ್ಕೆ ಹಚ್ಚುವ ಮುಲಾಮು, ಉಬ್ಬಸದ ಪಂಪು, ಎಲ್ಲವನ್ನೂ ವೈದ್ಯರ ಮುಂದೆ ಬಿಚ್ಚಿಡಿ. ಇನ್ನು ಹುಳದ ಜೊತೆ ಕಣ್ಣು ಕೆಂಪಾಗಿ ನೋವೂ ಇದ್ದು ಬೆಳಕು ಚುಚ್ಚಿದರೆ ಅದು ಒಳಗಿನ ಉರಿಯೂತ. ಮೆಡಿಕಲ್ ಶಾಪಿನ ಹನಿ ಅದಕ್ಕೆ ಸಾಲದು.

ಹನಿಯ ಮಾತು ಬಂದದ್ದರಿಂದ: ಹುಳವನ್ನು ಕರಗಿಸುವ ಹನಿ, ಗುಳಿಗೆ, ಹಣ್ಣು ಯಾವುದೂ ಇಲ್ಲ. ನಂದಿಬಟ್ಟಲು ಹೂವಿನ ರಸ, ಜೇನು, ಹರಳೆಣ್ಣೆ, ಎದೆಹಾಲು ಇವನ್ನು ಕಣ್ಣಿಗೆ ಬಿಟ್ಟರೆ ಮುಂಭಾಗಕ್ಕೆ ಸೋಂಕು ತಗಲಬಹುದೇ ಹೊರತು ವಿಟ್ರಿಯಸ್ಸಿನವರೆಗೆ ಏನೂ ಮುಟ್ಟುವುದಿಲ್ಲ. ಚೀಟಿಯಿಲ್ಲದೆ ಕೊಂಡ ಸ್ಟೀರಾಯ್ಡ್ ಹನಿಯನ್ನು ತಿಂಗಳುಗಟ್ಟಲೆ ಹಾಕಿದರೆ ಒತ್ತಡ ಏರಿ ನರವೇ ಹಾಳಾಗುತ್ತದೆ.

'ಏನೂ ಆಗಿಲ್ಲ' ಎಂದ ಮೇಲೆ

ಹೆಚ್ಚಿನವರಿಗೆ ಸಿಗುವ ಉತ್ತರ ಇದೇ: 'ವಯಸ್ಸಿಗೆ ಬರುವಂಥದ್ದು, ತೂತಿಲ್ಲ, ಹೋಗಿ.' ಅಷ್ಟು ದೂರದಿಂದ ಬಂದದ್ದಕ್ಕೆ ಇಷ್ಟೇನಾ ಅನಿಸುತ್ತದೆ. ಆದರೂ ಒಮ್ಮೆ ನೋಡಿದ್ದು ಸಾಲದು. ಲೋಳೆ ಇನ್ನೂ ಪೂರ್ತಿ ಬಿಡಿಸಿಕೊಳ್ಳದೆ ಇದ್ದರೆ ಮುಂದಿನ ವಾರಗಳಲ್ಲಿ ಹರಿಯಬಹುದು. ನಾಲ್ಕರಿಂದ ಆರು ವಾರಕ್ಕೆ ಇನ್ನೊಮ್ಮೆ ಪಾಪೆ ಹಿಗ್ಗಿಸಿ ತೋರಿಸಬೇಕು. ನಡುವೆ ಹುಳ ಹೆಚ್ಚಾದರೆ, ಪರದೆ ಕಂಡರೆ ದಿನಾಂಕಕ್ಕೆ ಕಾಯುವಂತಿಲ್ಲ. ಹೆಚ್ಚಾಯಿತೋ ಇಲ್ಲವೋ ಎನ್ನಲು ನೆನಪು ನಂಬಬೇಡಿ. ಎರಡು ದುಂಡು ಬರೆದು, ಎಡ, ಬಲ ಎಂದು ಗುರುತಿಸಿ, ಬಿಳಿ ಗೋಡೆ ನೋಡುತ್ತಾ ಹುಳಗಳ ಆಕಾರ ಬರೆದಿಡಿ, ಪಕ್ಕದಲ್ಲಿ ತಾರೀಖು. ವಾರಕ್ಕೊಮ್ಮೆ ಹೋಲಿಸಿದರೆ ಸಾಕು. ದಿನಕ್ಕೆ ಇಪ್ಪತ್ತು ಸಲ ಹುಡುಕುತ್ತಾ ಕೂತರೆ ಮಿದುಳು ಅದನ್ನು ಮರೆಯಲು ಕಲಿಯುವುದೇ ಇಲ್ಲ.

ಮರೆಯುವುದು ನಿಜವಾಗಿಯೂ ನಡೆಯುತ್ತದೆ. ಗಂಟು ನಿಧಾನವಾಗಿ ಕೆಳಗಿಳಿದು ರೆಟಿನಾದಿಂದ ದೂರ ಸರಿದಂತೆ ನೆರಳು ಮಸುಕಾಗುತ್ತದೆ, ಉಳಿದದ್ದನ್ನು ಮಿದುಳು ಬದಿಗೊತ್ತುತ್ತದೆ. ಮೂರರಿಂದ ಆರು ತಿಂಗಳು ಹಿಡಿಯಬಹುದು. ಅಲ್ಲಿವರೆಗೆ ಮೊಬೈಲನ್ನು ಕಪ್ಪು ಹಿನ್ನೆಲೆಗೆ ತಿರುಗಿಸಿ, ಬೆಳಕು ತಗ್ಗಿಸಿ. ಹೊರಗೆ ಕಪ್ಪು ಕನ್ನಡಕ, ಟೊಪ್ಪಿಗೆ ಹಾಕಿ. ಓದುವಾಗ ಅಕ್ಷರದ ಮೇಲೆ ಹುಳ ಬಂದು ಕೂತರೆ ಕಣ್ಣನ್ನು ಒಮ್ಮೆ ಮೇಲಕ್ಕೆ, ಕೆಳಕ್ಕೆ ಹೊರಳಿಸಿ ನಿಲ್ಲಿಸಿ. ಲೋಳೆ ಅಲುಗಿ ಅದು ಪಕ್ಕಕ್ಕೆ ಸರಿಯುತ್ತದೆ. ಬಳ್ಳಾರಿಯ ಜೀನ್ಸ್ ಹೊಲಿಗೆಯವರು ಬಿಳಿ ಟ್ಯೂಬ್‌ಲೈಟ್ ಕಣ್ಣೆದುರಿಗೆ ಇರದಂತೆ, ಬೆಳಕು ಹೆಗಲ ಹಿಂದಿನಿಂದ ಬಟ್ಟೆಯ ಮೇಲೆ ಬೀಳುವಂತೆ ಯಂತ್ರ ತಿರುಗಿಸಿಕೊಂಡರೆ ಹುಳದ ಕಾಟ ಕಡಿಮೆ. ರಾತ್ರಿ ಲಾರಿ ಓಡಿಸುವವರು ಮಿಂಚು ನಿಲ್ಲುವವರೆಗೆ ಹಗಲು ಪಾಳಿ ಕೇಳಿಕೊಳ್ಳುವುದು ಒಳ್ಳೆಯದು. ಓದು, ಟಿವಿ, ಅಡುಗೆ, ನಡಿಗೆ ಯಾವುದರಿಂದಲೂ ರೆಟಿನಾ ಹರಿಯುವುದಿಲ್ಲ, ಅವನ್ನು ಬಿಡಬೇಕಾಗಿಲ್ಲ.

ಆರು ತಿಂಗಳಾದರೂ ದೊಡ್ಡ ಉಂಗುರವೊಂದು ನಟ್ಟನಡುವೆ ಕೂತು ಕೆಲಸವನ್ನೇ ಕೆಡಿಸುತ್ತಿದ್ದರೆ ಎರಡು ದಾರಿಗಳಿವೆ. ಯಾಗ್ ಲೇಸರಿನಿಂದ ಗಂಟನ್ನು ಒಡೆಯುವುದು ಒಂದು; ಮಸೂರದಿಂದಲೂ ರೆಟಿನಾದಿಂದಲೂ ದೂರ ಇರುವ ಒಂಟಿ ಉಂಗುರಕ್ಕೆ ಮಾತ್ರ ಅದು ಹೊಂದುತ್ತದೆ, ಫಲ ಎಲ್ಲರಿಗೂ ಒಂದೇ ಥರ ಇಲ್ಲ. ಇನ್ನೊಂದು ವಿಟ್ರೆಕ್ಟಮಿ. ಹುಳ ಹೋಗುವುದು ಖಚಿತ, ಆದರೆ ಐವತ್ತು ದಾಟಿದವರಿಗೆ ಒಂದೆರಡು ವರ್ಷದೊಳಗೆ ಪೊರೆ ಬರುವುದೂ ಬಹುತೇಕ ಖಚಿತ, ಮತ್ತು ನೂರರಲ್ಲಿ ಒಬ್ಬಿಬ್ಬರಿಗೆ ರೆಟಿನಾವೇ ಬಿಡುವ ಅಪಾಯವಿದೆ. ಚೆನ್ನಾಗಿ ಕಾಣುವ ಕಣ್ಣಿಗೆ ಈ ಆಪರೇಷನ್ ಮಾಡಿಸಿ ಎಂದು ಮೊದಲ ಭೇಟಿಯಲ್ಲೇ ಯಾರಾದರೂ ಅವಸರ ಮಾಡಿದರೆ ಇನ್ನೊಬ್ಬ ರೆಟಿನಾ ತಜ್ಞರನ್ನು ಕೇಳಿ.

ಒಂದು ಕಣ್ಣಿನ ಲೋಳೆ ಬಿಡಿಸಿಕೊಂಡವರಲ್ಲಿ ಬಹಳ ಜನರಿಗೆ ಒಂದೆರಡು ವರ್ಷದೊಳಗೆ ಇನ್ನೊಂದು ಕಣ್ಣಲ್ಲೂ ಅದೇ ಆಗುತ್ತದೆ. ಮೊದಲ ಸಲ ಏನೂ ಆಗಲಿಲ್ಲ, ಇದೂ ಹಾಗೇ ಎಂದು ಆಗ ಮನೆಯಲ್ಲಿ ಕೂರಬೇಡಿ. ಎರಡನೇ ಕಣ್ಣಿಗೂ ಅದೇ 24 ಗಂಟೆ, ಅದೇ ಹನಿ, ಅದೇ ಪರೀಕ್ಷೆ.